ಕೆಟ್ಟಿದ್ದು ಫೈಲಲ್ಲ

ಹದಿನೇಳು ವರ್ಷ ಟೈಪ್ ಮಾಡಿದ್ದೆಲ್ಲ ಹಾಳಾಗಿದೆ, ಹಾಳು ಮಾಡಿದವರು ನೀವೇ, ಇಲ್ಲಿ ಸಹಿ ಹಾಕಿ ಎಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಮಾಲಿನಿಗೂ ಉರಿಯಿತು.

ಮಾಲಿನಿ ಹುಟ್ಟಿದ್ದು ಹಾಗಲವಾಡಿಯಲ್ಲಿ. ತುಮಕೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿ, ಅದೇ ಊರಿನ ಉಪ್ಪಾರಹಳ್ಳಿಗೆ ಸೊಸೆಯಾಗಿ ಬಂದವಳು. ಅಲ್ಲಿಂದ ದಿನಾ ಬೆಳಗ್ಗೆ ಬಸ್ಸು ಹತ್ತಿ ಗುಬ್ಬಿಯ ಒಂದು ಖಾಸಗಿ ಶಾಲೆಗೆ ಗುಮಾಸ್ತೆಯಾಗಿ ಹೋಗುತ್ತಾಳೆ. ಆ ಶಾಲೆಗೆ ಸೇರಿದ ಒಂದೊಂದು ಮಗುವಿನ ಹೆಸರು, ಅಪ್ಪನ ಹೆಸರು, ಊರು, ಹುಟ್ಟಿದ ದಿನ ಎಲ್ಲವೂ ಕಂಪ್ಯೂಟರಿಗೆ ಇಳಿದದ್ದು ಅವಳ ಹತ್ತು ಬೆರಳಿನಿಂದ. ಟಿ.ಸಿ. ಕೇಳಿಕೊಂಡು ಬಂದವರನ್ನು ಅವಳು ಹತ್ತು ನಿಮಿಷಕ್ಕಿಂತ ಹೆಚ್ಚು ಬೆಂಚಿನ ಮೇಲೆ ಕೂರಿಸಿದ್ದಿಲ್ಲ. ಅದು ಅವಳ ಹೆಮ್ಮೆ, ಇರಬೇಕಾದದ್ದೇ.

ಆ ಶನಿವಾರ ಶಾಲೆಗೆ ಹೊಸ ಕಂಪ್ಯೂಟರ್ ಬಂತು. ತಂದು ಕೂರಿಸಿದವನು ಕುಣಿಗಲ್‌ನಲ್ಲಿ ಅಂಗಡಿ ಇಟ್ಟಿರುವ ಗುರುಪ್ರಕಾಶ್, ಶಾಲೆಯ ಕಾರ್ಯದರ್ಶಿ ಚನ್ನವೀರಯ್ಯನವರ ಷಡ್ಡಕನ ಮಗ. ಹಳೇ ಕಂಪ್ಯೂಟರಿನಲ್ಲಿದ್ದ ಫೈಲುಗಳನ್ನು ಹೊಸದಕ್ಕೆ ಹಾಕಿ, ಹಳೇದನ್ನು ಪೂರ್ತಿ ಅಳಿಸಿದ ಮೇಲೆ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಪರದೆಯ ತುಂಬ ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು.

"ಫೈಲ್ ಎಲ್ಲಾ ಕರಪ್ಟ್ ಆಗೋಗವೆ ಅಂಕಲ್. ಗೊತ್ತಿಲ್ದೇ ಇರೋರು ಏನೇನೋ ಒತ್ತಿದ್ರೆ ಹಿಂಗೇ ಆಗೋದು," ಎಂದ ಗುರುಪ್ರಕಾಶ್, ಮಾಲಿನಿಯ ಕಡೆ ನೋಡದೆ. "ಸೋಮವಾರ ಬಂದು ಎಲ್ಲಾ ಅಳಿಸಿ ಹೊಸದಾಗಿ ಮಾಡ್ಕೊಡ್ತೀನಿ."

"ಹೋದ ವಾರ ಇವೇ ಫೈಲಿಂದ ಮೂರು ಟಿ.ಸಿ. ತೆಗ್ದಿದೀನಿ ಸಾರ್. ರಾತ್ರೋರಾತ್ರಿ ಹೆಂಗ್ ಕೆಡ್ತವೆ?" ಎಂದಳು ಮಾಲಿನಿ.

ಕೇಳುವವರು ಯಾರು? ಕುಣಿಯಲಾರದವನಿಗೆ ನೆಲ ಡೊಂಕು. ಆ ಡೊಂಕು ನೆಲ ಈಗ ಮಾಲಿನಿ. ಚನ್ನವೀರಯ್ಯನವರು ಶಾಲೆಯ ಕಾಗದ ತೆಗೆದು ಕೈಯಾರೆ ನಾಲ್ಕು ಸಾಲು ಬರೆದರು: 'ನನ್ನ ಅಜಾಗರೂಕತೆಯಿಂದ ಶಾಲೆಯ ದಾಖಲೆಗಳು ಹಾಳಾಗಿರುತ್ತವೆ.' ಕೆಳಗೆ ಮಾಲಿನಿಯ ಹೆಸರು, ಸಹಿಗೆ ಜಾಗ.

"ಕಮಿಟಿಯೋರು ಕೇಳಿದ್ರೆ ತೋರ್ಸಕ್ಕೆ ಒಂದು ಕಾಗದ ಬೇಕಲ್ಲಮ್ಮ. ಕೆಲಸದಿಂದ ಏನೂ ತೆಗೆಯಲ್ಲ. ಸೋಮವಾರ ಸಹಿ ಮಾಡ್ಬಿಡು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಗಾದೆಯಲ್ಲಿ ಕೇಳಿದ್ದೇವೆ. ಎಮ್ಮೆಯಿಂದಲೇ ಒಪ್ಪಿಗೆ ಬರೆಸಿಕೊಳ್ಳುವುದನ್ನು ಕಂಡದ್ದು ಇದೇ ಮೊದಲು. ಮಾಲಿನಿ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್ಸು ಹತ್ತಿದಳು.

ಮನೆಯಲ್ಲಿ ಗಂಡ ಉದಯಕುಮಾರ್ ಎಲ್ಲ ಕೇಳಿಸಿಕೊಂಡು, "ಒಂದು ಸಹಿ ಹಾಕಿದ್ರೆ ಏನ್ ಗಂಟು ಹೋಗುತ್ತೆ ಕಣೇ? ಕೆಲಸ ಉಳೀತಲ್ಲ, ಬುಡು," ಎಂದ. ಅವನು ಕೆಟ್ಟವನಲ್ಲ. ಆದರೆ ಆ 'ಬುಡು' ಅವಳಿಗೆ ಆ ಕಾಗದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಸಹಿ ಹಾಕಿದರೆ ಹದಿನೇಳು ವರ್ಷದ ಕೆಲಸಕ್ಕೆ ಉಳಿಯುವ ಹೆಸರು 'ಅಜಾಗರೂಕತೆ' ಎಂದಲ್ಲವೇ!

ಭಾನುವಾರ ತಿಂಡಿ ಮುಗಿಸಿ ಮನೆಯ ಲ್ಯಾಪ್‌ಟಾಪಿನ ಮುಂದೆ ಕೂತಳು. ಬಂದಷ್ಟು ಇಂಗ್ಲಿಷಿನಲ್ಲಿ 'ಕನ್ನಡ ಫೈಲು ಸರಿಯಾಗಿ ಕಾಣುತ್ತಿಲ್ಲ' ಎಂದು ಹುಡುಕಿದಳು. ಬಂದದ್ದೇನು? ಇದನ್ನು ಡೌನ್‌ಲೋಡ್ ಮಾಡಿ, ಅದನ್ನು ಕೊಳ್ಳಿ, ಈ ನಂಬರಿಗೆ ಫೋನ್ ಮಾಡಿ. ಒಂದು ವೀಡಿಯೊದಲ್ಲಿ ಒಬ್ಬ ನಾಲ್ಕು ನಿಮಿಷ ತನ್ನ ಚಾನೆಲ್ಲಿನ ಗುಣಗಾನ ಮಾಡಿ, ಐದನೇ ನಿಮಿಷಕ್ಕೆ "ಕಂಪ್ಯೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎಂದ. ಅದನ್ನು ಹೇಳಲು ಇವನೇ ಬೇಕಿತ್ತೇ?

ರೇಗಿ ಮತ್ತೆ ಫೈಲನ್ನೇ ತೆರೆದು ದಿಟ್ಟಿಸಿದಳು. ನೋಡುತ್ತ ನೋಡುತ್ತ ಅಪ್ಪಂದಿರ ಹೆಸರಿನ ಕಾಲಂ ಮೇಲೆ ಕಣ್ಣು ನಿಂತಿತು. ಸಾಲು ಸಾಲಾಗಿ ಮುಕ್ಕಾಲು ಹೆಸರುಗಳ ತುದಿಯಲ್ಲಿ ಅವೇ ಐದು ಗುರುತು, ಅದೇ ಕ್ರಮದಲ್ಲಿ. ಅವಳಿಗೆ ತಟ್ಟನೆ ಹೊಳೆಯಿತು. ನಮ್ಮ ಸೀಮೆಯಲ್ಲಿ ಕಲ್ಲೆಸೆದರೆ ಒಬ್ಬ ಅಯ್ಯನ ಮೇಲೆ ಬೀಳುತ್ತದೆ. ಶಿವರಾಮಯ್ಯ, ಯಲ್ಲಯ್ಯ, ಸಿದ್ದಲಿಂಗಯ್ಯ, ಪಂಚಾಕ್ಷರಯ್ಯ. ಅಪ್ಪಂದಿರೆಲ್ಲ ಮುಗಿಯುವುದೇ ಅಲ್ಲಿ. ಆ ಐದು ಗುರುತು 'ಯ್ಯ' ಅಲ್ಲದೆ ಇನ್ನೇನು? ಕೆಟ್ಟುಹೋದ ಫೈಲು ಹೀಗೆ ಶಿಸ್ತಾಗಿ ಸಾಲು ನಿಲ್ಲುತ್ತದೆಯೇ? ಫೈಲು ಕೆಟ್ಟಿಲ್ಲ. ಇರುವ ಅಕ್ಷರಕ್ಕೆ ಕನ್ನಡದ ರೂಪ ಸಿಗುತ್ತಿಲ್ಲ, ಅಷ್ಟೇ.

ಆ ಐದು ಗುರುತನ್ನೇ ನಕಲು ಮಾಡಿ ಹುಡುಕಾಟದ ಪೆಟ್ಟಿಗೆಗೆ ಅಂಟಿಸಿದಳು. ಸಿಕ್ಕಿತು! ಹದಿಮೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಇದೇ ಗುರುತುಗಳನ್ನು ಹಾಕಿ, ಇದೇ ಸಂಕಟ ತೋಡಿಕೊಂಡು, ಒಂದು ವೇದಿಕೆಯಲ್ಲಿ ಪ್ರಶ್ನೆ ಕೇಳಿದ್ದ. ಕೆಳಗೆ ಮೂರು ಉತ್ತರ. ಮೊದಲನೆಯದು: ಹತ್ತಿರದ ಸರ್ವಿಸ್ ಸೆಂಟರಿಗೆ ಹೋಗಿ. ಎರಡನೆಯದು: ಕೇಳುವ ಮೊದಲು ಹುಡುಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೂರನೆಯದು ಪ್ರಶ್ನೆ ಕೇಳಿದವನದೇ: 'ಸಮಸ್ಯೆ ಬಗೆಹರಿಯಿತು, ಎಲ್ಲರಿಗೂ ಧನ್ಯವಾದ.'

ಹೇಗೆ ಬಗೆಹರಿಯಿತು ಅಂತ ಒಂದು ಸಾಲಿಲ್ಲ!

"ಅಯ್ಯೋ ನಿನ್ ಮನೆ ಹಾಳಾಗ! ಹೆಂಗ್ ಆಯ್ತು ಅಂತ ಹೇಳಕ್ಕೆ ನಿಂಗೇನ್ ಬಾಯಿ ಬಿದ್ದೋಗಿತ್ತೇನ್ಲಾ?" ಎಂದು ಮಾಲಿನಿ ಪರದೆಗೇ ಬೈದಳು. ಪೇಪರು ಓದುತ್ತಿದ್ದ ಉದಯಕುಮಾರ್ ತನಗೇ ಎಂದುಕೊಂಡು ಎದ್ದು ಅಂಗಳಕ್ಕೆ ಹೋದ.

ಬೈದ ಮೇಲೆ ಬುದ್ಧಿ ತಿಳಿಯಾಯಿತು. ಬಗೆಹರಿಯುವಂಥದ್ದು ಎಂಬುದಂತೂ ಗೊತ್ತಾಯಿತಲ್ಲ! ಒಂದು ಹೆಸರಿನ ಮೇಲೆ ಕ್ಲಿಕ್ ಮಾಡಿ, ಮೇಲುಗಡೆ ಅಕ್ಷರಶೈಲಿಯ ಹೆಸರು ತೋರಿಸುವ ಪುಟ್ಟ ಕಿಂಡಿ ನೋಡಿದಳು. ಅಲ್ಲಿ ಹದಿನೇಳು ವರ್ಷ ತಾನು ಬಳಸಿದ ಹಳೇ ಕನ್ನಡ ಫಾಂಟಿನ ಹೆಸರು ಹಾಗೇ ಇತ್ತು. ಪಟ್ಟಿ ಬಿಚ್ಚಿದರೆ ಲ್ಯಾಪ್‌ಟಾಪಿನಲ್ಲಿ ಆ ಫಾಂಟೇ ಇಲ್ಲ. ಹೊಸ ಕಂಪ್ಯೂಟರಿನಲ್ಲೂ ಇದ್ದಿರಲಾರದು. ಆ ಹೆಸರನ್ನೇ ಹುಡುಕಿದಳು, ಪುಕ್ಕಟೆ ಸಿಕ್ಕಿತು, ಇಳಿಸಿ ಹಾಕಿದಳು. ಫೈಲು ಮುಚ್ಚಿ ತೆರೆದಾಗ ಅಯ್ಯಂದಿರೆಲ್ಲ ತಂತಮ್ಮ ಮಕ್ಕಳ ಪಕ್ಕದಲ್ಲಿ ಸಾಲಾಗಿ ನಿಂತಿದ್ದರು. ಮಾಲಿನಿಗೆ ಅಳು ಬಂತು. ಸಂತೋಷಕ್ಕಲ್ಲ. ಇಷ್ಟು ಸಣ್ಣ ವಿಷಯಕ್ಕೆ ತನ್ನನ್ನು ಅಪರಾಧಿ ಮಾಡಿದರಲ್ಲ ಎಂಬ ಉರಿಗೆ.

ಸೋಮವಾರ ಗುರುಪ್ರಕಾಶ್ ಬರುವ ಮೊದಲೇ ಹೋಗಿ ಹೊಸ ಕಂಪ್ಯೂಟರಿಗೂ ಅದೇ ಫಾಂಟು ಹಾಕಿದಳು. ಚನ್ನವೀರಯ್ಯನವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಆಮೇಲೆ ಬಂದ ಗುರುಪ್ರಕಾಶನೂ ನೋಡಿ, "ಫಾಂಟ್ ಪ್ರಾಬ್ಲಮ್ ಇರ್ಬೋದು ಅಂತ ನಂಗೂ ಡೌಟ್ ಇತ್ತು ಅಂಕಲ್," ಎಂದ. ಇತ್ತಂತೆ! ಅಳಿಸುವುದಕ್ಕೆ ಬಂದವನಿಗೆ ಅನುಮಾನ ಬೇರೆ!

"ಸರಿ ಬುಡಮ್ಮ, ಎಲ್ಲಾ ಸರಿಹೋಯ್ತಲ್ಲ," ಎನ್ನುತ್ತ ಚನ್ನವೀರಯ್ಯನವರು ತಾವು ಬರೆದ ಕಾಗದವನ್ನು ಹರಿದರು.

"ಹರಿದ್ರೆ ಸಾಲ್ದು ಸಾರ್," ಎಂದಳು ಮಾಲಿನಿ. "ಇವ್ರ ಮುಂದೆ, ಜವಾನ ಯಲ್ಲಯ್ಯನ ಮುಂದೆ, ನಾನು ಹಾಳ್ ಮಾಡ್ದೆ ಅಂದ್ರಿ. ಅಲ್ಲ ಅಂತಾನೂ ಒಂದು ಕಾಗದ ಆಗ್ಲಿ. ಕಮಿಟಿಯೋರು ಕೇಳಿದ್ರೆ ತೋರ್ಸಕ್ಕೆ ನಂಗೂ ಬೇಕಲ್ಲ."

ಎರಡೇ ಸಾಲು ಟೈಪ್ ಮಾಡಿ, ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಳು: 'ದಾಖಲೆಗಳು ಸುಸ್ಥಿತಿಯಲ್ಲಿವೆ. ಗುಮಾಸ್ತೆ ಮಾಲಿನಿಯವರಿಂದ ಯಾವ ತಪ್ಪೂ ಆಗಿಲ್ಲ.' ಕೆಳಗೆ ಕಾರ್ಯದರ್ಶಿಯ ಸಹಿಗೆ ಜಾಗ. ಚನ್ನವೀರಯ್ಯನವರು ಕೆಮ್ಮಿದರು, ಗುರುಪ್ರಕಾಶನ ಮುಖ ನೋಡಿದರು, ಕಿಟಕಿ ನೋಡಿದರು. ಅವಳು ನಿಂತೇ ಇದ್ದಳು. ಕೊನೆಗೆ ಪೆನ್ನು ತೆಗೆದು ಸಹಿ ಹಾಕಿದರು.

ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಮಾಲಿನಿ ಫೋನು ತೆಗೆದು ಆ ಹದಿಮೂರು ವರ್ಷದ ಹಳೇ ಪ್ರಶ್ನೆಯನ್ನು ಹುಡುಕಿದಳು. ಅದರ ಕೆಳಗೆ ಕನ್ನಡದಲ್ಲೇ ಬರೆಯತೊಡಗಿದಳು: ಯಾವ ಕಿಂಡಿ ನೋಡಬೇಕು, ಯಾವ ಹೆಸರು ಹುಡುಕಬೇಕು, ಎಲ್ಲಿ ಒತ್ತಬೇಕು, ಒಂದೂ ಬಿಡದೆ. ತುಮಕೂರು ಬರುವ ಹೊತ್ತಿಗೆ ಎಲ್ಲ ಮುಗಿಯಿತು. ಕಳಿಸುವ ಮುಂಚೆ ಸ್ವಲ್ಪ ಯೋಚಿಸಿ ಇನ್ನೆರಡು ಸಾಲು ಸೇರಿಸಿದಳು.

'ನಿಮ್ಮ ಫೈಲು ಕೆಟ್ಟಿಲ್ಲ, ನಿಮ್ಮಿಂದ ತಪ್ಪೂ ಆಗಿಲ್ಲ. ಯಾರು ಏನೇ ಹೇಳಲಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ.'