ಓದಲಿಕ್ಕೆ ಹೋದವರು

ಅಲ್ ವಕ್ರಾದ ನಮ್ಮ ಕಟ್ಟಡದಲ್ಲಿ ಆಮಿನಮ್ಮನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಸಂಜೆ ಮೆಟ್ಟಿಲ ಬುಡದಲ್ಲಿ ನಿಂತರೆ ಸಾಕು, ಮೇಲಿನ ಮಾಳಿಗೆಯಿಂದ ಹುಡುಗಿಯರು ರಾಗ ಎಳೆದು ಕುರ್‌ಆನ್ ಓದುವುದು ಕೇಳುತ್ತದೆ, ನಡುನಡುವೆ ಆಮಿನಮ್ಮನ ಗದರಿಕೆ ಕೇಳುತ್ತದೆ. ಉಳ್ಳಾಲ ಕಡೆಯ ಬ್ಯಾರಿ ಹೆಂಗಸು. ಗಂಡ ಮೊಯ್ದಿನ್ ಕೆಳಗೆ ದಿನಸಿ ಅಂಗಡಿ ಇಟ್ಟಿದ್ದಾರೆ. ನಾನು ಹಮದ್ ಬಂದರಿನಲ್ಲಿ ಲಾರಿ ಓಡಿಸುವ ತುಳುವ. ರಜೆಯ ದಿನ ಅವರ ಮನೆಯ ಚಹಾಕ್ಕೆ ನನಗೆ ಕರೆ ಬೇಡ.

ಆಮಿನಮ್ಮ ಶಾಲೆಯ ಜಗಲಿ ಹತ್ತಿದವರಲ್ಲ. ತಂದೆಯ ಮುಂದೆ ಚಾಪೆಯಲ್ಲಿ ಕೂತು ಕಲಿತದ್ದಷ್ಟೇ ಬಂಡವಾಳ. ಕತಾರಿಗೆ ಬಂದ ಹೊಸದರಲ್ಲಿ ಮಾತಾಡುವ ಜನವಿಲ್ಲದೆ ಬೇಸತ್ತು, ಪಕ್ಕದ ಮನೆಯ ಹುಡುಗಿಯೊಬ್ಬಳನ್ನು ಕೂರಿಸಿ ಓದಿಸಿದರು. ಆಮೇಲೆ ಅದೇ ಬದುಕಾಯಿತು. ದುಡ್ಡು ಮುಟ್ಟುವುದಿಲ್ಲ. ಆ ಮನೆಯಲ್ಲಿ ಶಾಲೆಗೆ ಹೋದರೆ ಶಾಲೆಗೆ ಹೋದರು ಎನ್ನುತ್ತಾರೆ. ‘ಓದಲಿಕ್ಕೆ ಹೋದರು’ ಎಂದರೆ ಕುರ್‌ಆನ್ ಕಲಿಯಲಿಕ್ಕೆ ಎಂದು ಮಾತ್ರ ಅರ್ಥ.

ವಿಶ್ವಕಪ್ಪಿಗೆಂದು ಊರೆಲ್ಲ ಅಗೆದು ಹಾಕಿದ್ದ ಕಾಲದಲ್ಲಿ ಎದುರು ಮನೆಗೆ ಆಸಿಯಾ ಬಂದಳು. ಚೀನಾದ ಪಡುವಣ ತುದಿಯ ಕಾಶ್ಗರ್ ಊರಿನ ಉಯ್ಘರ್ ಹೆಂಗಸು. ಬಟ್ಟೆ ಹೊಲಿಯುತ್ತಿದ್ದಳು, ಗಂಡ ಹೋಟೆಲಿನಲ್ಲಿ ಅಡುಗೆಯವನು. ಮಗಳು ರುಕಿಯಾ ಬಂದ ವಾರದಲ್ಲೇ ಆಮಿನಮ್ಮನ ಚಾಪೆ ಸೇರಿದಳು. ಇಬ್ಬರು ಹೆಂಗಸರದ್ದೂ ಹರಕುಮುರುಕು ಅರಬ್ಬಿ. ಅದರಲ್ಲೇ ನೆಂಟಸ್ತಿಕೆ ಬೆಳೆಯಿತು. ಆಸಿಯಾ ಇವರನ್ನು ‘ಖಾಲಾ’ ಎನ್ನುತ್ತಿದ್ದಳು, ಚಿಕ್ಕಮ್ಮ ಎಂಬ ಅರ್ಥದಲ್ಲಿ. ಊರಿನಲ್ಲಿರುವ ತನ್ನ ತಮ್ಮ ತಾಹಿರ್ ಕೇರಿಯ ಮಕ್ಕಳನ್ನು ಮನೆಯೊಳಗೆ ಕೂರಿಸಿ ಓದಿಸುತ್ತಾನೆ ಎಂದೂ ಹೇಳಿದ್ದಳು. ಬಾಗಿಲು ಹಾಕಿಕೊಂಡು ಓದಿಸುತ್ತಾನೆ ಎಂಬ ಮಾತನ್ನು ಆಮಿನಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ‘ನನ್ನ ಜಾತಿಯವನೇ’ ಎಂದು ಹಿಗ್ಗಿದರು.

ಒಂದು ಶುಕ್ರವಾರ, ನಮಾಜು ಮುಗಿದ ಮೇಲೆ, ಆಸಿಯಾಳ ಮನೆಯಲ್ಲಿ ಇಂಟರ್ನೆಟ್ ಕೈಕೊಟ್ಟಿತು. ಊರಿನಲ್ಲಿರುವ ತಾಯಿಗೆ ವಿಡಿಯೊ ಕರೆ ಮಾಡಬೇಕೆಂದು ಆಮಿನಮ್ಮನ ಮನೆಗೆ ಬಂದಳು. ಕರೆಗೆ ಮುಂಚೆ ತಲೆಯ ವಸ್ತ್ರ ಬಿಚ್ಚಿ ಬದಿಗಿಟ್ಟಳು. ಪರಗಂಡಸು ನಾನು ಮೊಯ್ದಿನ್ ಪಕ್ಕ ಅಲ್ಲೇ ಕೂತಿದ್ದೆ. ಮುಖ ಕಿಟಕಿಗೆ ತಿರುಗಿಸಿದೆ. ಆಮಿನಮ್ಮನಿಗೆ ಅದು ಹಿಡಿಸಲಿಲ್ಲ.

ತಾಯಿ ಮಗಳು ಹವೆ, ಊಟ ಎಂದು ಏನೋ ಆಡಿಕೊಂಡರು. ತಮ್ಮ ಹೇಗಿದ್ದಾನೆ ಕೇಳು ಎಂದು ಆಮಿನಮ್ಮ ಈಚೆಯಿಂದ ತಿವಿದರು. ಆಸಿಯಾ ಕೇಳಿದಳು. ಆಚೆಯಿಂದ ಎರಡೇ ಮಾತು ಬಂತು. ಆಸಿಯಾ ನಮ್ಮ ಕಡೆ ನೋಡದೆ ಅದನ್ನು ಅರಬ್ಬಿಗೆ ತಿರುಗಿಸಿದಳು.

“ಓದಲಿಕ್ಕೆ ಹೋಗಿದ್ದಾನಂತೆ,” ಎಂದಳು.

ಆಮಿನಮ್ಮನಿಗೆ ಸ್ವರ್ಗ ಮೂರೇ ಗೇಣು. ಉಸ್ತಾದನಾದವನು ಇನ್ನೂ ಹೆಚ್ಚು ಓದಲು ಹೊರಟಿದ್ದಾನೆ! ಎದ್ದು ಬಂದವರೇ ಫೋನಿಗೆ ಮುಖ ಕೊಟ್ಟರು. ಹಿರಿಯರನ್ನು ಕಂಡು ಸಲಾಂ ಹೇಳದೆ ಇರುವ ಬ್ಯಾರಿ ಹೆಂಗಸು ಎಲ್ಲಿದ್ದಾಳೆ?

“ಅಸ್ಸಲಾಮು ಅಲೈಕುಂ, ಉಮ್ಮಾ. ಮಬ್ರೂಕ್. ತಾಹಿರ್ ಉಸ್ತಾದ್, ಕುರ್‌ಆನ್, ಮಬ್ರೂಕ್.”

ಮಬ್ರೂಕ್ ಎಂದರೆ ಅಭಿನಂದನೆ. ಅದರಲ್ಲಿ ಒಂದು ಮಾತಿಗೂ ದುಭಾಷಿ ಬೇಕಾಗಿರಲಿಲ್ಲ. ನಾನು ತಿರುಗಿ ನೋಡಿದೆ. ಫೋನಿನೊಳಗಿನ ಮುದುಕಿಯ ತುಟಿ ಸಲಾಮಿಗೆ ಮರುಸಲಾಂ ಹೇಳಲು ಅರ್ಧ ತೆರೆದು ನಿಂತಿತ್ತು. ಕಣ್ಣು ಪಕ್ಕಕ್ಕೆ ಹೊರಳಿತು. ಆ ಕೋಣೆಯಲ್ಲಿ ಮತ್ತೆ ಯಾರೋ ಕೂತಿದ್ದರು. ಮರುಗಳಿಗೆ ಫೋನು ಕಪ್ಪಾಯಿತು.

ನೆಟ್ ಹೋಯಿತೇನೋ ಎಂದು ಆಮಿನಮ್ಮ ಶಾವಿಗೆ ಪಾಯಸಕ್ಕೆ ಒಲೆಯ ಮೇಲೆ ಹಾಲಿಟ್ಟು ಬಂದರು. ಆಸಿಯಾ ಅವರ ಸೆರಗು ಹಿಡಿದು ಕೂರಿಸಿ ಹೇಳಿದಳು. ತಮ್ಮೂರಿನಲ್ಲಿ ‘ಓದು’ ಎಂದರೆ ಜೈಲು. ಎತ್ತರದ ಗೋಡೆ, ಮೇಲೆ ಮುಳ್ಳುತಂತಿ, ಒಳಗೆ ಹೋದವನಿಗೆ ಹೊರಬರುವ ದಿನ ಗೊತ್ತಿಲ್ಲ. ಗಡ್ಡ ಬಿಟ್ಟರೆ ಸಾಕು, ತಲೆಗೆ ವಸ್ತ್ರ ಹೊದ್ದರೆ ಸಾಕು, ನಮಾಜು ಮಾಡಿದರೆ ಸಾಕು, ಮಕ್ಕಳಿಗೆ ಅಲಿಫ್ ಬಾ ಅಕ್ಷರ ಹೇಳಿಕೊಟ್ಟರಂತೂ ಮುಗಿದೇಹೋಯಿತು. ಫೋನಿನಲ್ಲಿ ಜೈಲು ಎನ್ನುವಂತಿಲ್ಲ, ಸಲಾಂ ಎನ್ನುವಂತೆಯೇ ಇಲ್ಲ. ಸರ್ಕಾರದವರು ನೆಂಟರ ಹಾಗೆ ಮನೆಯೊಳಗೇ ಬಂದು ಕೂರುತ್ತಾರೆ, ಕೇಳಿಸಿಕೊಳ್ಳುತ್ತಾರೆ.

ಅಷ್ಟು ದೊಡ್ಡ ಸರ್ಕಾರ. ನಾಲ್ಕು ಮಕ್ಕಳು ಚಾಪೆಯ ಮೇಲೆ ಕೂತು ಓದಿದರೆ ಅದರ ಬುಡ ಅಲ್ಲಾಡುತ್ತದಂತೆ! ಮೊಯ್ದಿನ್ ಎದ್ದು ಹೋಗಿ ಒಲೆ ಆರಿಸಿದರು.

ಆ ದಿನದಿಂದ ಆಸಿಯಾಳ ತಾಯಿಯ ನಂಬರಿಗೆ ಕರೆ ಹೋಗಲಿಲ್ಲ. ಸ್ವಲ್ಪ ಕಾಲದ ಮೇಲೆ, ತುರ್ಕಿಯಲ್ಲಿರುವ ಸಂಬಂಧಿಕನೊಬ್ಬ ಸುದ್ದಿ ಮುಟ್ಟಿಸಿದ. ತಾಯಿಯೂ ಓದಲಿಕ್ಕೆ ಹೋಗಿದ್ದಾರೆ. ಮಂಡಿ ಮಡಚಲಾಗದ ಮುದುಕಿಗೆ ಎಂಥ ಪಾಠ? ಹಿಡಿದದ್ದು ಆ ಸಲಾಮಿಗೋ, ಮಗನ ತಾಯಿ ಎಂಬುದಕ್ಕೋ, ಹೇಳುವವರಿಲ್ಲ. ಅಂಥವರು ಕಾರಣ ಕೊಡುವುದಿಲ್ಲ. ಆಮಿನಮ್ಮ ಮಾತ್ರ ಕಾರಣವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡರು. ದಿನಾ ಎದುರು ಮನೆಗೆ ಹೋಗಿ ಕೂರುತ್ತಿದ್ದರು. ಆಸಿಯಾ ಚಹಾ ಕೊಡುವಳು, ಹೊಲಿಗೆ ಮಿಷನ್ ತುಳಿಯುವಳು.

ಕೊನೆಗೆ ಅವಳೇ ಒಂದು ಸಂಜೆ ಬಂದು, ರುಕಿಯಾಳನ್ನು ಚಾಪೆಯಿಂದ ಎಬ್ಬಿಸಿದಳು. ಇನ್ನು ಮಗಳು ಇಲ್ಲಿಗೆ ಬರುವುದಿಲ್ಲ ಎಂದಳು. ಮೊಯ್ದಿನ್‌ಗೆ ತಡೆಯಲಾಗಲಿಲ್ಲ.

“ಇದು ಕತಾರ್, ಮಗಳೇ. ಇಲ್ಲಿ ಓದಿದರೆ ಯಾರು ಹಿಡಿಯುತ್ತಾರೆ?”

“ಇಲ್ಲಿ ಹಿಡಿಯುವುದಿಲ್ಲ, ಅಲ್ಲಿ ಹಿಡಿಯುತ್ತಾರೆ. ಊರಿನಲ್ಲಿ ನನ್ನ ತಂಗಿಯೊಬ್ಬಳು ಇನ್ನೂ ಜೈಲಿನ ಹೊರಗಿದ್ದಾಳೆ.”

ಆಮಿನಮ್ಮ ತನ್ನ ಬಾಯಿಗೆ ಹುಳ ಬೀಳಲಿ ಎಂದು ತಾನೇ ಶಾಪ ಹಾಕಿಕೊಂಡು ಅಳತೊಡಗಿದರು. ಆಸಿಯಾ ಅಳಲಿಲ್ಲ.

“ನೀವು ಆಡಿದ್ದು ಒಳ್ಳೆಯ ಮಾತೇ, ಖಾಲಾ. ಒಳ್ಳೆಯ ಮಾತು ನಮಗೆ ಆಗಿಬರುವುದಿಲ್ಲ. ಇನ್ನು ನಮ್ಮ ಮನೆಗೆ ಬರಬೇಡಿ.”

ಬಾಗಿಲುಗಳು ಎದುರುಬದುರಾಗಿಯೇ ಉಳಿದವು. ಆಮಿನಮ್ಮ ಉಳಿದ ಹುಡುಗಿಯರನ್ನು ಓದಿಸುವುದು ಬಿಡಲಿಲ್ಲ, ಆದರೆ ಮೆಟ್ಟಿಲ ಕಡೆಯ ಕಿಟಕಿ ಮುಚ್ಚಿದರು. ಆ ಹೆಣ್ಣಿಗೆ ಕೇಳುವುದು ಬೇಡ ಎಂದರು.

ಮೊನ್ನೆ ಲಿಫ್ಟಿನಲ್ಲಿ ನಾನು, ಆಮಿನಮ್ಮ, ಶಾಲೆಯ ಚೀಲ ಹೊತ್ತ ರುಕಿಯಾ, ಮೂವರೇ ಇದ್ದೆವು. ಮಗು ಬಾಯಿ ತೆರೆದು, ಏನೋ ನೆನಪಾಗಿ ತಡೆದು, “ಗುಡ್ ಮಾರ್ನಿಂಗ್ ಆಂಟಿ” ಎಂದಿತು. ಸಲಾಂ ಬಿಟ್ಟು ಹೀಗೆಂದ ಬೇರೆ ಮಕ್ಕಳ ಕಿವಿ ಹಿಂಡಿದ ಹೆಂಗಸು ಅವರು. ಮಗುವಿನ ತಲೆ ಮುಟ್ಟಲು ಎತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಇಂಗ್ಲಿಷು ಬಾರದ ನಾಲಿಗೆಯಿಂದ, “ಗುಡ್ ಮಾರ್ನಿಂಗ್” ಎಂದರು.