ಮಸ್ಕತ್ ಕ್ಯಾಂಪಿನ ಯುಗಾದಿ ಹೋಳಿಗೆ

1987ರಲ್ಲಿ ನಾನು ಮಸ್ಕತ್ತಿನಿಂದ ಎರಡು ತಾಸಿನ ದಾರಿಯಲ್ಲಿದ್ದ ಒಂದು ರಸ್ತೆ ಕಂಪನಿಯ ಕ್ಯಾಂಪಿನಲ್ಲಿ ಮೆಸ್ ಕುಕ್ ಆಗಿದ್ದೆ. ಅದಕ್ಕೂ ಮೊದಲು ರಾಯಬಾಗದ ಒಂದು ವಿದ್ಯಾರ್ಥಿ ನಿಲಯದಲ್ಲಿ ಆರು ವರ್ಷ ಸೌಟು ಹಿಡಿದವನು. ಕ್ಯಾಂಪಿನ ನೂರಾ ಎಂಬತ್ತು ಜನರ ಊಟ ನನ್ನ ಮತ್ತು ಒಬ್ಬ ಮಲಯಾಳಿ ಕುಕ್‌ನ ಪಾಲಿಗಿತ್ತು. ಬೆಳಗ್ಗೆ ಚಪಾತಿ, ಮಧ್ಯಾಹ್ನ ಅನ್ನ ದಾಲ್, ಸಂಜೆ ಮತ್ತೆ ಅದೇ. ಅಲ್ಲಿ ಯಾರಿಗೂ ಮನೆತನದ ಅಡ್ಡಹೆಸರು ಬೇಕಿರಲಿಲ್ಲ. ಎದೆಯ ಮೇಲೆ ಬಿಲ್ಲೆಯ ನಂಬರು, ಕರೆಯಲು ಒಂದು ಹೆಸರು, ಅಷ್ಟೇ. ನಾನು ಎಲ್ಲರಿಗೂ ಮಾರುತಿ.

ಅವರಲ್ಲಿ ಇಪ್ಪತ್ತಾರು ಮಂದಿ ನಮ್ಮ ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಕಡೆಯವರು. ತಟ್ಟೆ ಹಿಡಿದು ಬಂದು, "ಮಾರುತ್ಯಣ್ಣಾ, ಇವತ್ತರ ಖಾರ ಹಾಕೀಯೋ ಇಲ್ಲೋ?" ಎಂದು ರೇಗಿಸುತ್ತಿದ್ದರು. ಒಬ್ಬನಿಗೆ ಊರಿನಿಂದ ಪತ್ರ ಬಂದರೆ ಎಲ್ಲರೂ ಓದುತ್ತಿದ್ದೆವು. ಹಿರಿಯರು ಬಸಪ್ಪಣ್ಣ, ಕ್ರೇನ್ ಆಪರೇಟರ್. ಅಥಣಿ ಕಡೆ ದ್ರಾಕ್ಷಿ, ಕಬ್ಬು ಇದ್ದ ಮನೆಯವರು, ಅಣ್ಣತಮ್ಮಂದಿರ ಮೇಲೆ ಮುನಿಸಿಕೊಂಡು ಬಂದಿದ್ದರು. ನನಗೆ ಜ್ವರ ಬಂದಾಗ ಎರಡು ದಿನ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದವರು ಅವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರನ್ನು ಕೆಟ್ಟವರೆಂದು ತಳ್ಳಿಹಾಕುವುದು ಬಹಳ ಸುಲಭ.

ಆ ವರ್ಷ ಯುಗಾದಿ ಸೋಮವಾರ ಬಂತು. ನಮಗೆ ರಜೆ ಶುಕ್ರವಾರ. ಹಬ್ಬವನ್ನು ಶುಕ್ರವಾರಕ್ಕೆ ದೂಡಿ, ಹೋಳಿಗೆ ಮಾಡುವುದೆಂದು ನಿಶ್ಚಯಿಸಿದೆವು. ಕಡಲೆಬೇಳೆ, ಬೆಲ್ಲ ಎರಡೂ ಮಸ್ಕತ್ತಿನ ಒಂದು ಗುಜರಾತಿ ಅಂಗಡಿಯಲ್ಲಿ ಸಿಕ್ಕವು. ಹೂರಣ ಅರೆಯಲು ಒರಳು ಎಲ್ಲಿಂದ ತರಲಿ? ಮೆಸ್ಸಿನಲ್ಲಿ ಇದ್ದದ್ದು ಖೀಮಾ ಮಷೀನು. ನಮ್ಮವರಲ್ಲಿ ಬಹಳ ಮಂದಿ ಮಾಂಸ ಮುಟ್ಟುವವರಲ್ಲವೆಂದು ನಾನು ಅದರ ಹತ್ತಿರವೂ ಹೋಗಲಿಲ್ಲ. ಸ್ಟೋರಿನಿಂದ ಮರಳು ಸೋಸುವ ಹೊಸ ಚಾಳಣಿ ತರಿಸಿದೆ. ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದು, ಬೇಳೆ ಬೆಲ್ಲವನ್ನು ಅದರ ಮೇಲೆ ಬಟ್ಟಲಿನ ತಳದಿಂದ ಉಜ್ಜಿ ಇಳಿಸಿದೆ. ಅವರ ಮಡಿ ಕೆಡಬಾರದೆಂದು ಅಷ್ಟು ಕಾಳಜಿ ಮಾಡಿದ ಹುಚ್ಚ ನಾನು! ನೂರಾ ಐವತ್ತು ಹೋಳಿಗೆ ಬೇಯಿಸಿದೆ. ಬೇಳೆ ಬಸಿದ ನೀರಿನಿಂದ ಕಟ್ಟಿನ ಸಾರು, ಹೋಳಿಗೆಗೆ ಹಾಕಿಕೊಳ್ಳಲು ಬೆಲ್ಲದ ಗುಳವಣಿ ಆಯಿತು. ಅಂದು ಆ ಇಪ್ಪತ್ತಾರು ಜನರ ನಡುವೆ ನಾನೂ ಒಂದು ತಟ್ಟೆ ಇಟ್ಟುಕೊಂಡು ಕೂಡಬೇಕು ಎಂಬುದೊಂದೇ ನನ್ನ ಆಸೆ. ಕುಕ್ ಯಾವತ್ತೂ ಎಲ್ಲರೂ ಎದ್ದ ಮೇಲೆ ಉಣ್ಣುವವನು.

ಬಸಪ್ಪಣ್ಣ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಮಂಗಸೂಳಿ ಮಲ್ಲಯ್ಯನ ಫೋಟೋ ಮುಂದೆ ಎಡೆ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ ಪ್ರೀತಿಯಿಂದಲೇ ಕೇಳಿದರು.

"ಮಾರುತಿ, ನಿಮ್ಮ ಮನಿದೇವ್ರು ಯಾವ್ದಪಾ? ಅವನ ಹೆಸರ್ಲೇನೂ ಒಂದ ಎಡಿ ಹಿಡಿಯೂಣು."

"ನಮ್ಮ ಮನ್ಯಾಗ ದೇವ್ರ ಇಲ್ರಿ ಬಸಪ್ಪಣ್ಣ. ಬುದ್ಧನ ಫೋಟೋ ಐತಿ."

ನಮ್ಮ ಸೀಮೆಯಲ್ಲಿ ಈ ಒಂದು ಮಾತು ಸಾಕು. ಊರ ಹೊರಗಿನ ಯಾವ ಕೇರಿ, ಯಾರ ಹೊಲದಲ್ಲಿ ಕೂಲಿ ಮಾಡಿದ ಜನ, ಎಲ್ಲ ತಿಳಿದುಹೋಗುತ್ತದೆ. ನಾನು ಬಚ್ಚಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಆದರೆ ಖುಷಿಯಲ್ಲಿದ್ದೆ, ಇದ್ದದ್ದನ್ನು ಹೇಳಿಬಿಟ್ಟೆ.

ಬಸಪ್ಪಣ್ಣ ಫೋಟೋದ ಮುಂದಿನ ಎಡೆಯನ್ನು ಎತ್ತಿ ತಂದು ಅಡುಗೆ ಕಟ್ಟೆಯ ಮೇಲಿಟ್ಟರು.

"ತಪ್ಪ ತಿಳಕೋಬ್ಯಾಡ ಮಾರುತಿ. ಮೆಸ್ಸಿನ ಊಟ ಬ್ಯಾರೆ, ಅದು ಕಂಪನಿದು. ಇದು ದೇವರಿಗಿ ತೋರಸೂದು."

ಒಬ್ಬೊಬ್ಬರಾಗಿ ಎದ್ದು ಹೋದರು. ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು. ಹೋಳಿಗೆಯನ್ನು ಪೇಶಾವರದ ಡ್ರೈವರುಗಳು, ಕೇರಳದವರು ತಿಂದು ಹೊಗಳಿದರು. ಆ ಹೊಗಳಿಕೆ ನನಗೆ ಹತ್ತಲಿಲ್ಲ. ಹೋಳಿಗೆಯ ರುಚಿ ಬಲ್ಲ ಬಾಯಿಗಳಿಗಾಗಿ ಮಾಡಿದ್ದೆ ನಾನು.

ಮಧ್ಯಾಹ್ನ ಹಿಂದಿನ ಬಾಗಿಲಿಗೆ ಸದಾಶಿವ ಬಂದ. ಆ ಇಪ್ಪತ್ತಾರರಲ್ಲೊಬ್ಬ, ರಾಯಬಾಗದ ವೆಲ್ಡರ್, ಎರಡು ಮಕ್ಕಳ ತಂದೆ.

"ಅಣ್ಣಾ, ಎರಡ ಹೋಳ್ಗಿ ಪೇಪರ್‌ದಾಗ ಕಟ್ಟಿ ಕೊಡೋ. ಯಾರ ಮುಂದೂ ಹೇಳಬ್ಯಾಡ."

"ಮುಂದಿನ ಬಾಗಲಾಗಿಂದ ಬಂದು ಎಲ್ಲಾರ ಎದುರು ಕುಂದ್ರು, ಹತ್ತ ಬಡಸ್ತೀನಿ. ಕದ್ದು ತಿನ್ನಾಂವಗ ಒಂದೂ ಇಲ್ಲ."

ಅವನು ಹೋಳಿಗೆಯ ಪರಾತದ ಕಡೆ ನೋಡಿದ, ನನ್ನ ಮುಖ ನೋಡಿದ, ಹೊರಟುಹೋದ. ಶನಿವಾರ ಬೆಳಗ್ಗೆ ಐದಕ್ಕೆ ಇಪ್ಪತ್ತಾರೂ ಮಂದಿ ಎಂದಿನಂತೆ ಸಾಲಿನಲ್ಲಿ ನಿಂತಿದ್ದರು. "ಎರಡ ಚಪಾತಿ ಹೆಚ್ಚಿಗಿ ಹಾಕಪಾ," ಎಂದರು ಬಸಪ್ಪಣ್ಣ, ಅದೇ ಅಕ್ಕರೆಯ ದನಿಯಲ್ಲಿ. ನನ್ನ ಮೈ ಉರಿದದ್ದು ಆಗ.

ಮರುವರ್ಷ ಯುಗಾದಿಗೆ ಅವರು ಒಂದು ಒಲೆ ಬಿಟ್ಟುಕೊಡಲು ಕೇಳಿದರು. ಹೋಳಿಗೆ ತಾವೇ ಮಾಡಿಕೊಳ್ಳುವರಂತೆ. ಬಿಟ್ಟುಕೊಟ್ಟೆ. ಬೇಳೆಯ ನೀರನ್ನು ಪೂರ್ತಿ ಬಸಿಯದೆ ಬೆಲ್ಲ ಸುರಿದಾಗಲೇ ನನಗೆ ಗೊತ್ತಾಯಿತು. ಹೂರಣ ತೆಳ್ಳಗಾಗಿ, ಕಣಕ ಹರಿದು, ಹಂಚಿಗೆ ಹತ್ತಿ ಸೀಯತೊಡಗಿತು.

"ಏನ ತಪ್ಪಾಗೇತಿ, ಒಂದೀಟ ಹೇಳಪಾ ಮಾರುತಿ," ಎಂದರು ಬಸಪ್ಪಣ್ಣ.

ಇನ್ನಷ್ಟು ಹೊತ್ತು ಒಲೆಯ ಮೇಲಿಟ್ಟು ನೀರು ಇಂಗಿಸಿದ್ದರೆ ಸರಿಹೋಗುತ್ತಿತ್ತು. ಹೇಳಲು ಅರ್ಧ ನಿಮಿಷ ಸಾಕು. ನಾನು ಕೈಕಟ್ಟಿ ನಿಂತೆ.

"ದೇವರ ಅಡಿಗಿ ನನಗ ಬರೂದಿಲ್ರಿ," ಎಂದೆ.

ಇಷ್ಟು ವರ್ಷದ ವೃತ್ತಿಯಲ್ಲಿ, ಒಲೆಯ ಮುಂದೆ ತಡವರಿಸುತ್ತಿದ್ದವನಿಗೆ ಹೇಳಿಕೊಡದೆ ನಿಂತದ್ದು ಅದೊಂದೇ ಸಲ. ಅಡುಗೆಯವನಿಗೆ ಅದು ಸಣ್ಣತನ. ಗೊತ್ತು, ಆದರೂ ನನಗೆ ಪಶ್ಚಾತ್ತಾಪವಿಲ್ಲ. ಹಸಿವಿಗೆ ಜಾತಿಯಿಲ್ಲ ಎಂದು ಸಭೆಗಳಲ್ಲಿ ಭಾಷಣ ಮಾಡುತ್ತಾರೆ. ನಿಜವೇ, ದಿನಕ್ಕೆ ಮೂರು ಸಲ ಕಂಡಿದ್ದೇನೆ. ಆದರೆ ಜೊತೆಗೆ ಉಂಡವರೆಲ್ಲ ನಮ್ಮವರಾದರೋ ಇಲ್ಲವೋ ಎಂಬುದು ಹಬ್ಬದ ದಿನವೇ ತಿಳಿಯುವುದು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಅಂದು ಅವರು ಸೀದ ಹೋಳಿಗೆಯನ್ನು ಬಿಸಾಡಿ, ತಟ್ಟೆ ಹಿಡಿದು ನನ್ನ ದಾಲಿಗೆ ಸಾಲು ನಿಂತರು. ಬಡಿಸಿದೆ. ಸಂಬಳ ಕೊಡುತ್ತಿದ್ದುದು ಅದಕ್ಕೇ.