ಕೇಳದೆ ಕಿತ್ತ ಸೀರೆ ಗಾರ್ಡ್

ಆ ಅಂಗಡಿಯವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ತಮ್ಮನ ಮೇಲಿನದು ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ.

ನಲವತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಹೊಸ ಟೂರಿಂಗ್ ಬೈಕ್ ಕೊಂಡೆ. ಅದಕ್ಕೆ ಕಾರಣ ಅಮ್ಮ. ಸಿದ್ಧಾರ್ಥನಗರದ ನಮ್ಮ ಮನೆಯಲ್ಲಿ ಇರುವುದು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ. ತಮ್ಮ ಹೆಂಡತಿ ಮಕ್ಕಳ ಜೊತೆ ರಾಮಕೃಷ್ಣನಗರದಲ್ಲಿದ್ದಾನೆ. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಅಮ್ಮ ಊದುಬತ್ತಿ ಹೊಸೆದು ನಮ್ಮಿಬ್ಬರನ್ನೂ ಓದಿಸಿದವಳು. ಅವಳಿಗೆ ಒಂದೇ ಒಂದು ಆಸೆಯಿತ್ತು. ಬುದ್ಧ ವಿಹಾರದಲ್ಲಿ ಯಾರೋ ಸನ್ನತಿಯ ಸ್ತೂಪದ ಫೋಟೋಗಳನ್ನು ತೋರಿಸಿದಾಗಿನಿಂದ, 'ಒಂದ್ಸಲ ಆ ಕಲ್ಲು ನೋಡ್ಬೇಕು ಕಣವ್ವ' ಎನ್ನುತ್ತಿದ್ದಳು. ಆದರೆ ಬಸ್ಸು ಹತ್ತಿದರೆ ವಾಂತಿ, ರೈಲೂ ಅಷ್ಟೇ, ಕಾರಾದರೆ ಇನ್ನೂ ಜಾಸ್ತಿ. ಮುಖಕ್ಕೆ ಗಾಳಿ ಬೀಸುತ್ತಿದ್ದರೆ ಮಾತ್ರ ಏನೂ ಆಗುವುದಿಲ್ಲ. ನನ್ನ ಹಳೇ ಸ್ಕೂಟರಿನ ಹಿಂದೆ ಕೂತು ನಂಜನಗೂಡಿನವರೆಗೂ ಹಾಡಿಕೊಂಡು ಬರುತ್ತಿದ್ದಳು. ಆದರೆ ಸನ್ನತಿ ಇರುವುದು ದೂರದ ಕಲಬುರಗಿ ಕಡೆ, ಆ ಸ್ಕೂಟರಿನಲ್ಲಿ ಅಲ್ಲಿಗೆ ಹೋಗಲಾಗುವುದಿಲ್ಲ. ಅದಕ್ಕೇ ಈ ಬೈಕ್.

ಗಾಡಿ ತಂದ ಮೇಲೆ ಅದಕ್ಕೆ ಬೇಕಾದ್ದನ್ನೆಲ್ಲ ಹಾಕಿಸಬೇಕಿತ್ತು. ಬಟ್ಟೆಬರೆಗೆ ಎರಡು ಪಕ್ಕದಲ್ಲೂ ಪೆಟ್ಟಿಗೆ, ಅಮ್ಮ ಒರಗಿಕೊಳ್ಳಲು ಹಿಂದೆ ಬ್ಯಾಕ್‌ರೆಸ್ಟ್, ಬಿದ್ದರೆ ಇಂಜಿನ್ನಿಗೆ ಏಟಾಗದಂತೆ ಕ್ರ್ಯಾಶ್ ಗಾರ್ಡ್. ತಮ್ಮ, 'ನಮ್ಮನೆ ಹತ್ರಾನೇ ಒಂದು ಒಳ್ಳೆ ಅಂಗಡಿ ಅದೆ ಅಕ್ಕ, ನಾನೂ ಬತ್ತೀನಿ' ಅಂದ. ಅವನು ಬರದಿದ್ದರೇ ಚೆನ್ನಾಗಿತ್ತು.

ಅಂಗಡಿಯವನಿಗೆ ಮೂವತ್ತೈದರ ಆಸುಪಾಸು. ನಯವಾದ ಮಾತು. ಆದರೆ ಆ ಮಾತೆಲ್ಲ ತಮ್ಮನ ಮುಖಕ್ಕೆ. 'ಸರ್, ಈ ಬಾಕ್ಸ್ ನೋಡಿ, ಲಡಾಖ್‌ಗೆ ಹೋಗೋರೆಲ್ಲ ಇದೇ ಹಾಕ್ಸೋದು.' ಬಾಕ್ಸಿನ ತೂಕ ಎಷ್ಟು ಅಂತ ಕೇಳಿದವಳು ನಾನು. ಉತ್ತರ ಹೋದದ್ದು ತಮ್ಮನಿಗೆ. ಬಾಕ್ಸ್ ಹಾಕಿದ ಮೇಲೆ ಹಿಂದೆ ಕೂರುವವರ ಕಾಲಿಗೆ ಎಷ್ಟು ಜಾಗ ಉಳಿಯುತ್ತದೆ ಅಂತ ಕೇಳಿದೆ. 'ಸರ್ ಹಿಂದೆ ನೀವು ಕೂತ್ಕೊಳೋದಾ ಮೇಡಂ?' ಅಂದ.

'ಓಡ್ಸೋಳು ನಾನು. ಹಿಂದೆ ಕೂರೋರು ನಮ್ಮಮ್ಮ.'

'ಅಮ್ಮಾನ? ಬೈಕಲ್ಲಾ?' ಎಂದು ನಕ್ಕ. ತಮ್ಮನೂ ಸುಮ್ಮನೆ ನಕ್ಕುಬಿಟ್ಟ. ನಾನು ಆಗಲೇ ಎದ್ದು ಬರಬೇಕಿತ್ತು.

ಬರಲಿಲ್ಲ. ಆ ಅಲ್ಯೂಮಿನಿಯಂ ಪೆಟ್ಟಿಗೆಗಳು ನಿಜಕ್ಕೂ ಚೆನ್ನಾಗಿದ್ದವು. ಬೆಸುಗೆ ನೀಟಾಗಿತ್ತು, ಮುಚ್ಚಳದ ರಬ್ಬರು ಗಟ್ಟಿಯಾಗಿ ಕೂರುತ್ತಿತ್ತು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷದಿಂದ ನನ್ನ ಕೆಲಸವೇ ಅದು. ಯಂತ್ರದಿಂದ ಬಂದ ಬಿಡಿಭಾಗಗಳನ್ನು ಅಳೆಯುವುದು, ಕೂದಲೆಳೆಯಷ್ಟು ತಪ್ಪಿದ್ದರೂ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಡುವುದು. ವಸ್ತು ಚೆನ್ನಾಗಿದೆಯೆಂದು ಮನುಷ್ಯನನ್ನು ಸಹಿಸಿಕೊಂಡೆ. ಶನಿವಾರ ಬೆಳಿಗ್ಗೆ ಗಾಡಿಯನ್ನು ಅಲ್ಲಿ ಬಿಟ್ಟು, ನನ್ನ ನಂಬರು ಬರೆಸಿ, ಕಂಪನಿ ಬಸ್ಸು ಹಿಡಿದು ಕೆಲಸಕ್ಕೆ ಹೋದೆ. ಸಂಜೆ ಶಿಫ್ಟ್ ಮುಗಿಸಿಕೊಂಡು ಬಂದಾಗ ಗಾಡಿ ಸಿದ್ಧವಾಗಿತ್ತು. ಎರಡು ಪಕ್ಕವೂ ಪೆಟ್ಟಿಗೆ ತುಂಬಿಕೊಂಡು ದಷ್ಟಪುಷ್ಟವಾಗಿ ನಿಂತಿದ್ದ ಅದನ್ನು ನೋಡಿ, ಸುಳ್ಳು ಯಾಕೆ, ನನಗೆ ಹೆಮ್ಮೆಯಾಯಿತು.

ಮಾರನೆಯ ದಿನ ಬೆಳಿಗ್ಗೆ ಅಮ್ಮ ಕಾಫಿ ಲೋಟ ಹಿಡಿದುಕೊಂಡು ಹೊರಗೆ ಬಂದಳು. ಪೆಟ್ಟಿಗೆಯನ್ನು ನೋಡಲಿಲ್ಲ. ಬ್ಯಾಕ್‌ರೆಸ್ಟನ್ನೂ ನೋಡಲಿಲ್ಲ. ಎಡಗಡೆಗೆ ಬಂದು, ಬಗ್ಗಿ, ಹಿಂದಿನ ಚಕ್ರವನ್ನು ನೋಡಿದಳು.

'ಜಾಲರಿ ಎಲ್ಲವ್ವ?'

ಸೀರೆ ಗಾರ್ಡ್ ಇರಲಿಲ್ಲ. ಹಿಂದೆ ಕೂತವರ ಸೆರಗೋ ನೆರಿಗೆಯೋ ಚಕ್ರಕ್ಕೆ ಸಿಕ್ಕದಂತೆ ಎಡಗಡೆ ಹಾಕಿರುವ ಕಬ್ಬಿಣದ ಜಾಲರಿ, ಷೋರೂಮಿನಿಂದ ಬರುವಾಗಲೇ ಗಾಡಿಯಲ್ಲಿದ್ದದ್ದು, ಈಗ ಇರಲಿಲ್ಲ. ಅದರ ಜಾಗದಲ್ಲಿ ಪೆಟ್ಟಿಗೆ ಹೊರುವ ಕಂಬಿ ಕೂತಿತ್ತು. ಪೆಟ್ಟಿಗೆಗೂ ಕಾಲಿಡುವ ಫುಟ್‌ರೆಸ್ಟಿಗೂ ನಡುವೆ ಇದ್ದ ಸಂದಿಗೆ ನಾನು ಕೈ ತೂರಿಸಿದೆ. ಮೊಣಕೈವರೆಗೂ ಹೋಯಿತು. ಬೆರಳಿಗೆ ಚಕ್ರದ ಕಡ್ಡಿ ತಗುಲಿತು. ಬಿಡಿಭಾಗ ಅಳೆದು ಸಂಬಳ ತಿನ್ನುವ ನಾನು ಹಿಂದಿನ ಸಂಜೆ ಇದನ್ನು ನೋಡಿರಲಿಲ್ಲ.

ಅಮ್ಮನ ಎಡಪಾದ ಸ್ವಲ್ಪ ಹೊರಕ್ಕೆ ತಿರುಗಿದೆ. ನಾನು ಶಾಲೆಗೆ ಹೋಗುತ್ತಿದ್ದಾಗ ಅಪ್ಪ ಒಂದು ಹಳೇ ಮೋಟಾರ್ ಸೈಕಲ್ ಕೊಂಡಿದ್ದ. ಅದರ ಮೊದಲಿನ ಮಾಲೀಕ ಅಂದಕ್ಕೆಂದು ಸೀರೆ ಗಾರ್ಡ್ ಬಿಚ್ಚಿಸಿಬಿಟ್ಟಿದ್ದನಂತೆ. ನಾಮಕರಣವೊಂದನ್ನು ಮುಗಿಸಿಕೊಂಡು ಊರಿಂದ ಬರುವಾಗ ಅಮ್ಮನ ಸೀರೆ ಚಕ್ರಕ್ಕೆ ಸುತ್ತಿಕೊಂಡಿತು. ಗಾಡಿ ಅವಳನ್ನು ರಸ್ತೆಯ ಮೇಲೆ ಎಳೆದುಕೊಂಡು ಹೋಯಿತು, ಎಡಗಾಲಿನ ಗಿಣ್ಣು ಜಜ್ಜಿಹೋಯಿತು. ಕೆ.ಆರ್. ಆಸ್ಪತ್ರೆಯ ಮಂಚದ ಸುತ್ತ ನಿಂತ ನೆಂಟರೆಲ್ಲ, 'ಸೀರೆ ಸರಿಯಾಗಿ ಸೆಕ್ಕೊಂಡು ಕುಂತ್ಕಬಾರ್ದಾ' ಎಂದು ಅವಳನ್ನೇ ಬೈದರು. ಅಪ್ಪನೂ ಅದನ್ನೇ ಅಂದ. ಗಾರ್ಡ್ ಬಿಚ್ಚಿದವನನ್ನು ಒಬ್ಬರೂ ಬೈಯಲಿಲ್ಲ. ನನಗದು ಚೆನ್ನಾಗಿ ನೆನಪಿದೆ.

ಅಮ್ಮ ನನ್ನ ಮುಖ ನೋಡಿ, 'ಹೋಗ್ಲಿ ಬುಡವ್ವ. ನಾನು ಚೂಡಿದಾರ ಹಾಕ್ಕತೀನಿ. ಇವರ ಸಾವಾಸ ಯಾಕೆ' ಅಂದಳು. ಹುಟ್ಟಿದಾಗಿನಿಂದ ಚೂಡಿದಾರ ಹಾಕದವಳು. ಈ ಅರವತ್ತೇಳರ ವಯಸ್ಸಿನಲ್ಲಿ, ಯಾವನೋ ಒಬ್ಬ ಬೋಲ್ಟ್ ಬಿಚ್ಚಿದ ಅಂತ ಇವಳು ಬಟ್ಟೆ ಬದಲಾಯಿಸಿಕೊಳ್ಳಬೇಕೇ? ನನಗೆ ಅವಳ ಮೇಲೂ ಸಿಟ್ಟು ಬಂತು. 'ನೀನು ಸುಮ್ನಿರಮ್ಮ' ಎಂದು ಗದರಿಸಿದೆ. ಲೋಟ ತೆಗೆದುಕೊಂಡು ಅವಳು ಒಳಗೆ ಹೋದಳು.

ಭಾನುವಾರವೂ ಆ ಅಂಗಡಿ ತೆರೆದಿರುತ್ತದೆ. ಹೋಗಿ ಗಾಡಿ ನಿಲ್ಲಿಸಿ, 'ಇದರ ಸೀರೆ ಗಾರ್ಡ್ ಎಲ್ಲಿ?' ಎಂದು ಕೇಳಿದೆ.

'ಅದು ಇದ್ರೆ ಬಾಕ್ಸ್ ಹೊರೋ ಸ್ಟೇ ಕೂರಲ್ಲ ಮೇಡಂ. ತೆಗೀಲೇಬೇಕು. ಬಾಕ್ಸೇ ಅಡ್ಡ ಇರುತ್ತಲ್ಲ, ಏನೂ ಆಗಲ್ಲ.'

ನಾನು ಸಂದಿಯಲ್ಲಿ ಕೈ ತೂರಿಸಿ ತೋರಿಸಿದೆ. 'ಇಲ್ಲಿ ಏನು ಅಡ್ಡ ಇದೆ?'

ಅವನು ಅದನ್ನು ನೋಡಿ ಜೇಬಿನಿಂದ ಮೊಬೈಲ್ ತೆಗೆದು, 'ನಾನು ಕೇಳ್ದೆ ತೆಗೆದಿಲ್ಲ ಮೇಡಂ. ಸರ್‌ಗೆ ಫೋನ್ ಮಾಡಿದ್ದೆ. ಅವ್ರೇ ತೆಗೀರಿ ಅಂದ್ರು' ಎಂದ.

'ಯಾವ ಸರ್?'

'ನಿಮ್ ಜೊತೆ ಬಂದಿದ್ರಲ್ಲ.'

ಗಾಡಿ ನನ್ನ ಹೆಸರಿನಲ್ಲಿತ್ತು. ಅಂಗಡಿಯ ಪುಸ್ತಕದಲ್ಲಿ ಬರೆಸಿದ್ದು ನನ್ನ ನಂಬರು. ಆದರೂ ಅವನು ತಮ್ಮನ ನಂಬರು ಈಸಿಕೊಂಡು ಅವನಿಗೇ ಫೋನ್ ಮಾಡಿದ್ದ. ನಾನು ಅಲ್ಲೇ ನಿಂತು, ಅಂಗಡಿಯವನಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ, ತಮ್ಮನಿಗೆ ಫೋನ್ ಮಾಡಿದೆ.

'ಹೂಂ ಅಕ್ಕ, ಕೇಳಿದ್ರು. ಕೆಲಸದಲ್ಲಿದ್ದೆ. ಅದಿದ್ರೆ ಬಾಕ್ಸ್ ಕೂರಲ್ಲ ಅಂದ್ರು, ಸರಿ ಬುಡಿ ತೆಗೀರಿ ಅಂದೆ. ಅಷ್ಟು ಸಣ್ ವಿಷ್ಯಕ್ಕೆ ನಿನ್ಗ್ಯಾಕೆ ಫೋನ್ ಮಾಡೋದು ಅಂತ…'

'ಅಮ್ಮನ ಕಾಲು ನೋಡಿದ್ದೀಯೇನೋ ನೀನು?'

ಅಮ್ಮನಿಗೆ ಹಾಗಾದಾಗ ಅವನಿಗೆ ಮೂರು ವರ್ಷ, ಆ ಆಸ್ಪತ್ರೆ ಅವನಿಗೆ ನೆನಪಿಲ್ಲ. ಆದರೆ ಆ ಕಾಲು ದಿನಾ ಕಣ್ಣೆದುರಿಗೇ ಓಡಾಡುತ್ತಿತ್ತಲ್ಲ. ನಾನು ಫೋನ್ ಕಟ್ ಮಾಡಿದೆ.

'ಗಾರ್ಡ್ ತೆಗೆದು ಎಲ್ಲಿ ಹಾಕಿದ್ದೀರಿ, ಕೊಡಿ' ಅಂದೆ. ಅಂಗಡಿಯವನು ಗೊಣಗುತ್ತಾ ಹಿಂಬದಿಯ ಗುಜರಿ ರಾಶಿಯ ಹತ್ತಿರ ಕರೆದುಕೊಂಡು ಹೋದ. ಮುರಿದ ಕನ್ನಡಿ, ಹಳೇ ಇಂಡಿಕೇಟರ್‌ಗಳ ನಡುವೆ ಸೀರೆ ಗಾರ್ಡುಗಳು ಬಿದ್ದಿದ್ದವು. ನನ್ನದೊಂದೇ ಅಲ್ಲ, ಹತ್ತು ಹನ್ನೆರಡಾದರೂ ಇದ್ದವು. ಒಂದರ ಮೇಲೊಂದು, ತುಕ್ಕು ಹಿಡಿದವು, ಬಣ್ಣ ಮಾಸದವು. 'ಎಲ್ರೂ ತೆಗೆಸ್ತಾರೆ ಮೇಡಂ, ಯಾರೂ ವಾಪಸ್ ಕೇಳಲ್ಲ' ಅಂದ. ಯಾರೂ ಕೇಳುವುದಿಲ್ಲ, ಹೌದು. ಹಿಂದೆ ಕೂರುವವಳನ್ನು ಇಲ್ಲಿಗೆ ಯಾರು ಕರೆದುಕೊಂಡು ಬರುತ್ತಾರೆ? ನನ್ನದನ್ನು ಹುಡುಕಿ ಎಳೆದೆ. ಬೋಲ್ಟ್ ಹಾಕುವ ಕಿವಿ ಬಾಗಿಹೋಗಿತ್ತು.

'ಎಲ್ಲಾ ಬಿಚ್ಚಿ. ಸ್ಟೇ, ಬಾಕ್ಸ್ ಎರಡೂ ಬಿಚ್ಚಿ ವಾಪಸ್ ತಗೊಳ್ಳಿ.'

'ಒಂದ್ಸಲ ಫಿಟ್ ಮಾಡಿದ್ ಮೇಲೆ ವಾಪಸ್ ಇಲ್ಲ ಮೇಡಂ.'

ನಾನು ವಾದಕ್ಕೆ ಇಳಿಯಲಿಲ್ಲ. ಆ ಬಾಗಿದ ಗಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತೆ. ಬಂದವರಿಗೆಲ್ಲ ಒಂದೇ ಮಾತು: 'ಹೊಸದು ಹಾಕೋವಾಗ ನಿಮ್ಮ ಗಾಡೀಲಿ ಏನು ಕೀಳ್ತಾರೆ ಅಂತ ಮೊದಲು ಕೇಳ್ಕೊಳ್ಳಿ.' ಹೆಲ್ಮೆಟ್ ಕೊಳ್ಳಲು ಬಂದ ಒಬ್ಬರು ನನ್ನನ್ನು ಹುಚ್ಚಿಯೆಂಬಂತೆ ನೋಡಿ ಪಕ್ಕದಿಂದ ಒಳಗೆ ಹೋದರು. ಆಮೇಲೆ ಗಂಡ ಹೆಂಡತಿ ಒಂದು ಹೊಸ ಬೈಕಿನಲ್ಲಿ ಬಂದರು. ಆಕೆ ಸೀರೆ ಉಟ್ಟಿದ್ದಳು. ನನ್ನ ಕೈಲಿದ್ದದ್ದನ್ನು ನೋಡಿದಳು, ತಮ್ಮ ಗಾಡಿಯನ್ನು ನೋಡಿದಳು, 'ನಡೀರಿ, ಬೇರೆ ಕಡೆ ಕೇಳೋಣ' ಅಂದಳು. ಗಂಡ ಏನೋ ಹೇಳಹೊರಟ, ಅವಳು ಆಗಲೇ ತಿರುಗಿದ್ದಳು.

ಅಂಗಡಿಯವನು ಮೇಸ್ತ್ರಿಯನ್ನು ಕರೆದು ಸ್ಪ್ಯಾನರ್ ಕೊಟ್ಟ. ಬಾಕ್ಸಿನ ದುಡ್ಡೂ ವಾಪಸ್ ಬಂತು, ಆದರೆ ಗೆದ್ದೆ ಅನ್ನಿಸಲಿಲ್ಲ. ಬಿಚ್ಚುವಷ್ಟೂ ಹೊತ್ತು ಅವನು ಮೇಸ್ತ್ರಿಯ ಜೊತೆ ನನ್ನ ಬಗ್ಗೆಯೇ ಮಾತಾಡುತ್ತಿದ್ದ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬ ಹಾಗೆ. ಬ್ಯಾಕ್‌ರೆಸ್ಟೂ ಕ್ರ್ಯಾಶ್ ಗಾರ್ಡೂ ಸರಿಯಾಗಿದ್ದವು, ಉಳಿಸಿಕೊಂಡೆ. ಷೋರೂಮಿನಲ್ಲಿ ಹೊಸ ಸೀರೆ ಗಾರ್ಡ್ ಹಾಕಿಸಿದೆ.

ಇನ್ನು ಬಟ್ಟೆಬರೆಗೆ ಏನಾದರೂ ಬೇಕಿತ್ತಲ್ಲ. ಸಹೋದ್ಯೋಗಿಯೊಬ್ಬಳು, ಮಂಡಿ ಮೊಹಲ್ಲದ ಕಡೆ ಆಟೋಗಳಿಗೆ ಹುಡ್ ಹೊಲಿಯುವ ಸಾಹೇಬರೊಬ್ಬರಿದ್ದಾರೆ, ಟಾರ್ಪಾಲಿನಲ್ಲಿ ಏನು ಬೇಕಾದರೂ ಹೊಲಿದುಕೊಡುತ್ತಾರೆ ಎಂದಳು. ಮುಂದಿನ ಭಾನುವಾರ ಅಮ್ಮನನ್ನೂ ಕೂರಿಸಿಕೊಂಡು ಹೋದೆ. ಅರವತ್ತು ದಾಟಿದ ಮನುಷ್ಯ, ಬಾಯಲ್ಲಿ ದಾರ ಕಚ್ಚಿಕೊಂಡಿದ್ದರು. ಗಾಡಿಯನ್ನು ಒಂದು ಸುತ್ತು ನೋಡಿ, 'ಓಡ್ಸೋದು ಯಾರು?' ಎಂದು ಕೇಳಿದರು.

'ನಾನೇ ರೀ! ಯಾಕೆ, ಹೆಂಗಸ್ರು ಓಡಿಸ್ಬಾರ್ದಾ?' ಎಂದು ಕಿರುಚಿಬಿಟ್ಟೆ. ಪಕ್ಕದ ಅಂಗಡಿಯವರು ಇಣುಕಿದರು.

ಅವರು ದಾರ ಬಾಯಿಂದ ತೆಗೆದರು. 'ಅಂಗಲ್ಲಮ್ಮ. ಓಡ್ಸೋರ ಮೊಣಕಾಲು, ಹಿಂದೆ ಕೂರೋರ ಮೊಣಕಾಲು, ಎರಡೂ ಅಳತೆ ಬೇಕು. ಇಲ್ದಿದ್ರೆ ಬ್ಯಾಗು ತಾಗುತ್ತೆ.'

ನನಗೆ ನಾಚಿಕೆಯಾಯಿತು. ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಅವರು ಅದಕ್ಕೆ ಕಾಯಲೂ ಇಲ್ಲ. 'ನೀವು ಕೂತ್ಕೊಳಿ ಅಮ್ಮಾ, ದಾರೀಲಿ ಹೆಂಗೆ ಕೂರ್ತೀರೋ ಹಂಗೇ' ಎಂದು ಅಮ್ಮನಿಗೆ ಹೇಳಿದರು. ಅಮ್ಮ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಎರಡೂ ಕಡೆ ಕಾಲು ಹಾಕಿ ಕೂತಳು. ಅವರು ಟೇಪು ಹಿಡಿದು ಬಗ್ಗಿ, ಅವಳ ತಿರುಗಿದ ಪಾದ ಎಲ್ಲಿಯವರೆಗೆ ಚಾಚುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರು. ಏನೇನು ತುಂಬಿಕೊಂಡು ಹೋಗುತ್ತೀರಿ ಎಂದು ಕೇಳಿದರು. ಅಮ್ಮ ತಾನೇ ಹೇಳಿದಳು: 'ನಾಕು ಸೀರೆ, ಮಾತ್ರೆ, ಒಂದು ಚೊಂಬು, ಚಟ್ನಿಪುಡಿ ಡಬ್ಬ.' ಅಷ್ಟು ದೊಡ್ಡ ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎಡಗಡೆಯ ಚೀಲವನ್ನು ಗಾರ್ಡಿನಿಂದ ಹಿಂದಕ್ಕೆ, ಬಲಗಡೆಯದನ್ನು ಸೈಲೆನ್ಸರ್ ಬಿಸಿ ತಾಗದಂತೆ ಮೇಲಕ್ಕೆ ಹೊಲಿದುಕೊಟ್ಟರು. ಖಾಕಿ ಬಣ್ಣದ್ದು. ನೋಡಲೇನೂ ಚೆಂದವಿಲ್ಲ. ಆಮೇಲೆ ಪ್ರಯಾಣದಲ್ಲಿ ಹಿರಿಯೂರಿನ ಹತ್ತಿರ ಮಳೆ ಬಂದಾಗ ಬಲಗಡೆಯದರ ಹೊಲಿಗೆಯಲ್ಲಿ ನೀರು ಇಳಿದು ನನ್ನ ಬಟ್ಟೆಗಳೆಲ್ಲ ನೆನೆದವು, ಅದನ್ನೂ ಹೇಳಿಬಿಡುತ್ತೇನೆ.

ಇಷ್ಟೆಲ್ಲ ಆಗುವಷ್ಟೂ ದಿನ ತಮ್ಮನ ಜೊತೆ ನಾನು ಮಾತಾಡಿರಲಿಲ್ಲ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವನೇ ಬಂದ. ಕೈಯಲ್ಲಿ ಮೊಬೈಲ್ ಹೋಲ್ಡರ್. ಹೊಸಲಿನ ಹೊರಗೇ ನಿಂತುಕೊಂಡು, 'ಹಾಕ್ಲಾ ಅಕ್ಕ? ಎಲ್ಲಿ ಹಾಕ್ಲಿ ಹೇಳು' ಅಂದ.

'ಎಡಗಡೆ. ಕ್ಲಚ್ ವಯರಿಗೆ ತಾಗ್ಬಾರ್ದು.'

ಹಾಕಿದ. ಎಡಗಡೆಯೇ ಹಾಕಿದ, ಆದರೆ ಸೊಟ್ಟಗೆ. ಅವನ ಎದುರಿಗೇ ಬಿಚ್ಚಿ ನೆಟ್ಟಗೆ ಮಾಡಿದೆ. 'ಅವತ್ತು ನಿನ್ನನ್ನ ಕೇಳ್ಬೇಕಾಗಿತ್ತು' ಎಂದ, ಗಾಡಿಯನ್ನು ನೋಡುತ್ತಾ. 'ಹೂಂ, ಕೇಳ್ಬೇಕಾಗಿತ್ತು' ಅಂದೆ. 'ಪರವಾಗಿಲ್ಲ' ಎನ್ನಲು ಮನಸ್ಸು ಬರಲಿಲ್ಲ. ಊಟ ಮಾಡಿಕೊಂಡು ಹೋದ.

ಮೊದಲ ದಿನ ನಾವು ಹಿರಿಯೂರು ದಾಟಲಿಲ್ಲ. ಮಳೆಯಲ್ಲಿ ನೆನೆದು ಒಂದು ಲಾಡ್ಜಿನ ಮುಂದೆ ಟೀ ಕುಡಿಯುತ್ತಾ ನಿಂತಿದ್ದೆವು. ಅಮ್ಮನ ಮೊಬೈಲಿಗೆ ತಮ್ಮನ ಫೋನ್ ಬಂತು. ಅವಳು ಹೂಂ ಹೂಂ ಎಂದು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ, 'ಅದನ್ನ ನನ್ಯಾಕೆ ಕೇಳ್ತೀಯಾ ಮಗ? ಗಾಡಿ ಅವಳ್ದು, ಅವಳನ್ನೇ ಕೇಳು' ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು. ಟೈರಿನ ಗಾಳಿ ನೋಡಿಸಿದೆಯಾ ಅಂತ ಅವನ ಪ್ರಶ್ನೆ. ನೋಡಿಸಿದ್ದೀನಿ ಅಂದೆ. ಅಮ್ಮ ಅಷ್ಟರಲ್ಲಿ ಇನ್ನೊಂದು ಟೀ ಹೇಳಿ, ಸನ್ನತಿಗೆ ಇನ್ನೆಷ್ಟು ದೂರ ಎಂದು ಲಾಡ್ಜಿನವನನ್ನು ವಿಚಾರಿಸುತ್ತಿದ್ದಳು.